ಫೋಲ್ಕರನ ಅಡುಗೆಮನೆ ಸಾಗಣೆ

ಬರ್ಲಿನ್ನಿನ ಟ್ರಾಮ್ ಚಾಲಕ ಫೋಲ್ಕರ್ ಐವತ್ತಾರು ವರ್ಷದ ಬಾಳಿನಲ್ಲಿ ಗೆಳೆಯರ ಒಂದೇ ಒಂದು ಮನೆ ಬದಲಾವಣೆಯನ್ನೂ ತಪ್ಪಿಸಿಕೊಂಡವನಲ್ಲ. ಅಲ್ಲಿನ ರೂಢಿಯಂತೆ ಗೆಳೆಯರ ಸಾಮಾನನ್ನು ಗೆಳೆಯರೇ ಹೊರಬೇಕು, ಮನೆ ಬದಲಾಯಿಸುವವನು ಅವರಿಗೆ ಬಿಯರ್ ಜೊತೆಗೆ ಹಸಿ ಹಂದಿಮಾಂಸದ ಕೈಮಾ ಮೆತ್ತಿದ ಬನ್ನು ಕೊಡಬೇಕು. ಫೋಲ್ಕರ್ ಎಲ್ಲರಿಗಿಂತ ಮೊದಲೇ ಹಾಜರು. ಒಂದು ಟೇಬಲ್ ಲ್ಯಾಂಪನ್ನು ಎದೆಗವಚಿಕೊಂಡು ಮೆಟ್ಟಿಲ ನಡುವೆ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ, ಗೋಡೆ ನೋಡ್ಕೊಳ್ರೋ!" ಎಂದು ಬೀರು ಹೊತ್ತವರಿಗೆ ಅಪ್ಪಣೆ ಕೊಡುತ್ತಿದ್ದ. ಬನ್ನು ಬಂದಾಗ ಮಾತ್ರ ಲ್ಯಾಂಪು ಕೆಳಗಿಳಿಯುತ್ತಿತ್ತು.

ಇಂಥವನನ್ನೂ ಒಬ್ಬಳು ಮೆಚ್ಚಿದ್ದಳು. ಹೂವಿನಂಗಡಿಯ ಮಾರ್ಲಿಸ್. ಮೂರು ವರ್ಷದಿಂದ ಅವಳು ನನ್ನ ಮನೆಗೇ ಬಂದಿರು ಎಂದು ಕರೆಯುವುದು, ಇವನು ಮುಂದಿನ ತಿಂಗಳು ಅನ್ನುವುದು ನಡೆದೇ ಇತ್ತು. ಕೊನೆಗೆ ಅವಳ ತಾಳ್ಮೆ ಮುಗಿಯಿತು.

"ಈ ಶನಿವಾರ ಗಂಟುಮೂಟೆ ಕಟ್ಕೊಂಡು ಬಂದ್ರೆ ಬಾ. ಇಲ್ಲಾಂದ್ರೆ ಇನ್ಮೇಲೆ ಈ ಕಡೆ ತಲೆನೂ ಹಾಕ್ಬೇಡ."

ಹೆದರಿದ ಫೋಲ್ಕರ್ ಹಳೆಯ ಗೆಳೆಯರಿಗೆಲ್ಲ ಕರೆ ಕಳಿಸಿದ. ಗುರುವಾರ ಸಂಜೆ ಎಲ್ಲರೂ ಬಂದರು. ಒಬ್ಬ ಲ್ಯಾಂಪು ಎತ್ತಿಕೊಂಡ, ಒಬ್ಬ ಹೂಕುಂಡ, ಒಬ್ಬ ಗಡಿಯಾರ. ಎಲ್ಲರೂ ಮೆಟ್ಟಿಲಲ್ಲಿ ಸಾಲಾಗಿ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ!" ಎಂದು ಒಂದೇ ಸಮನೆ ಕೂಗಿದರು. ಬೀರು ಇದ್ದಲ್ಲೇ ಇತ್ತು. ಬಿಯರ್ ಖಾಲಿಯಾಯಿತು.

"ನಿನ್ ಹತ್ರಾನೇ ಕಲ್ತಿದ್ದು ಕಣೋ," ಎಂದು ಬೆನ್ನು ತಟ್ಟಿ ಹೋದರು.

ಇನ್ನು ದುಡ್ಡು ಬಿಚ್ಚದೆ ಗತಿಯಿರಲಿಲ್ಲ. ಸಾಗಣೆಯ ಮೇಸ್ತ್ರಿ ರಾಡೆಕ್ ಬಂದು ಮನೆಯೆಲ್ಲ ಕಣ್ಣಾಡಿಸಿದ. ಮೂವರು ಆಳು, ಒಂದು ವ್ಯಾನು, ಗಂಟೆಗೆ ನೂರನಲವತ್ತು ಯೂರೋ, ಮಹಡಿಗೆ ಇಷ್ಟು ಅಂತ ಬೇರೆ.

"ಅವಳ ಮನೆ ಮೂರನೇ ಮಹಡಿ," ಎಂದ ಫೋಲ್ಕರ್.

"ಆ ಕಟ್ಟಡ ನೋಡಿದೀನಿ ಯಜಮಾನ್ರೇ. ಬೀದಿಯಿಂದ ಏಳು ಮೆಟ್ಟಿಲು ಹತ್ತಿದ್ರೆ ಅರೆ ಮಹಡಿ ಸಿಗುತ್ತಲ್ಲ, ಅದು?"

"ಅದನ್ನ ಯಾರ್ರೀ ಲೆಕ್ಕಕ್ಕೆ ಹಿಡೀತಾರೆ?"

"ನನ್ನ ಮೊಣಕಾಲು."

ಎಲ್ಲ ಸೇರಿ ಒಂಬೈನೂರು. ಫೋಲ್ಕರ್‌ಗೆ ಹೊಟ್ಟೆ ಉರಿದುಹೋಯಿತು. ಕೊಟ್ಟ ದುಡ್ಡು ವಸೂಲಾಗಲಿ ಎಂದು ಕಂಡದ್ದನ್ನೆಲ್ಲ ಬಿಚ್ಚಿಸಿದ. ಪರದೆಯ ಸರಳು ಬಂತು, ಬಲ್ಬು ಬಂತು, ಅಡುಗೆಮನೆಯ ಕಪಾಟು, ಒಲೆ, ಸಿಂಕು ಎಲ್ಲವೂ ಬಂದವು. ಬರ್ಲಿನ್ನಿನಲ್ಲಿ ಬಾಡಿಗೆಯವರು ಅಡುಗೆಮನೆಯನ್ನು ತಮ್ಮ ದುಡ್ಡಿನಲ್ಲೇ ಹಾಕಿಸಿಕೊಂಡಿರುತ್ತಾರೆ; ಮನೆ ಬದಲಾಯಿಸುವಾಗ ಯಾರಾದರೂ ಅದನ್ನು ಬಿಟ್ಟುಹೋಗುತ್ತಾರೆಯೇ?

ಶನಿವಾರ ಆ ಸಿಂಕು ಅರೆ ಮಹಡಿಗೆ ಏರುವ ಹೊತ್ತಿಗೆ ಸದ್ದು ಕೇಳಿ ಮಾರ್ಲಿಸ್ ಇಳಿದು ಬಂದಳು.

"ಇದೇನಿದು?"

"ಅಡುಗೆಮನೆ."

"ನನ್ನ ಮನೇಲಿ ಅಡುಗೆಮನೆ ಇಲ್ವಾ? ಮೂರು ವರ್ಷದಿಂದ ಎಲ್ಲಿ ತಿಂದೆ ನೀನು?"

"ಇರ್ಲಿ ಅಂತ..."

ಅವಳು ಅವನ ಮುಖವನ್ನೇ ನೋಡಿದಳು. "ಯಾಕೆ, ನಾಳೆ ಜಗಳ ಆದ್ರೆ ವಾಪಸ್ ಹೊತ್ಕೊಂಡು ಹೋಗೋಕಾ? ನಿಜ ಹೇಳು ಫೋಲ್ಕರ್. ಹಳೇ ಮನೆ ಬಿಟ್ಟಿದೀಯಾ?"

ಫೋಲ್ಕರ್ ಸಿಂಕನ್ನು ನೋಡಿದ. ಬಿಟ್ಟಿರಲಿಲ್ಲ. ತಿಂಗಳಿಗೆ ಬರೀ ಮುನ್ನೂರು ಯೂರೋ ಬಾಡಿಗೆಯ ಹಳೇ ಕರಾರು; ಈಗ ಆ ದುಡ್ಡಿಗೆ ಒಂದು ಕೋಣೆಯೂ ಸಿಗದು. ಬರ್ಲಿನ್ನಿನಲ್ಲಿ ಜನ ಹೆಂಡತಿಯನ್ನು ಬಿಟ್ಟಾರು, ಅಂಥ ಕರಾರು ಬಿಡುವುದಿಲ್ಲ.

"ಹಾಗಾದ್ರೆ ನೀನೂ ನಿನ್ ಸಿಂಕೂ ಹೊರಡಿ," ಎಂದು ಅವಳು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಸದ್ದು ಕಟ್ಟಡಕ್ಕೆಲ್ಲ ಕೇಳಿಸಿತು.

ರಾಡೆಕ್ ಕೆಮ್ಮಿದ. "ವಾಪಸ್ ಒಯ್ಯೋದಾದ್ರೆ ಇನ್ನೊಂದು ನಾನೂರು ಆಗುತ್ತೆ, ಯಜಮಾನ್ರೇ."

"ನಾನೂರಾ?"

"ಇಳಿಯೋವಾಗ್ಲೂ ಮೊಣಕಾಲು ನಂದೇ ಅಲ್ವಾ?"

ಫೋಲ್ಕರ್ ಏಳನೇ ಮೆಟ್ಟಿಲ ಮೇಲೆ ಕುಕ್ಕರಿಸಿದ. ಒಂದು ಕಡೆ ಮುನ್ನೂರರ ಮನೆ, ಇನ್ನೊಂದು ಕಡೆ ಅಲ್ಲಿಗೆ ವಾಪಸ್ ಹೋಗಲು ನಾನೂರರ ದಾರಿ; ಇಲ್ಲೇ ನಿಂತುಬಿಟ್ಟರೆ ಎರಡೂ ದುಡ್ಡು ಉಳಿತಾಯ. ಪ್ರೀತಿಗೆ ಆಗದ ಕೆಲಸವನ್ನು ಜುಗ್ಗತನ ಮಾಡಿತು. ಎದ್ದವನೇ ಸಿಂಕನ್ನು ತಾನೇ ತಬ್ಬಿಕೊಂಡು, ಏದುಸಿರು ಬಿಡುತ್ತ ಬೀದಿಗಿಳಿಸಿ, 'ಬೇಕಾದವರು ಒಯ್ಯಿರಿ' ಎಂದು ರಟ್ಟಿನ ಮೇಲೆ ಬರೆದಿಟ್ಟ. ಕಪಾಟು, ಒಲೆಗಳೂ ಅದರ ಪಕ್ಕ ಕೂತವು. ಅವನು ಇನ್ನೂ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದರೊಳಗೆ ಯಾರೋ ಇಬ್ಬರು ಬಂದು ಸಿಂಕನ್ನು ಎತ್ತಿಕೊಂಡು ಹೋದರು. ಅದು ಬೀದಿಯ ತಿರುವಿನಲ್ಲಿ ಮರೆಯಾಗುವುದನ್ನು ನೋಡಿ ಅವನಿಗೆ ನಿಜವಾಗಿಯೂ ಅಳು ಬಂತು.

ಮೇಲೆ ಹೋಗಿ ಬಾಗಿಲು ತಟ್ಟಿದ. "ಮನೆ ಬಿಡ್ತೀನಿ ಅಂತ ಇವತ್ತೇ ಬರೆದು ಕಳಿಸ್ತೀನಿ. ಅಡುಗೆಮನೆ ಹೋಯ್ತು."

ಮಾರ್ಲಿಸ್ ಬಾಗಿಲನ್ನು ಒಂದು ಗೇಣು ತೆರೆದಳು. "ನನಗೋಸ್ಕರಾನೋ, ದುಡ್ಡು ಉಳೀಲಿ ಅಂತಾನೋ?"

"ಮೊದಲು ದುಡ್ಡಿಗೇ," ಎಂದ. ಸುಳ್ಳು ಹೇಳಲು ಅವನಲ್ಲಿ ಉಸಿರೇ ಉಳಿದಿರಲಿಲ್ಲ. "ಈಗ ಭಯ ಆಗ್ತಿದೆ ಮಾರ್ಲಿಸ್. ನೀನು ಓಡಿಸಿದ್ರೆ ನಂಗೆ ಹೋಗೋಕೆ ಎಲ್ಲೂ ಜಾಗ ಇಲ್ಲ."

"ಮೂರು ವರ್ಷದಿಂದ ನಂಗೆ ಬೇಕಾಗಿದ್ದೂ ಅದೇ," ಎಂದು ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.