ದೊಡ್ಡಪ್ಪನ ಮೆಕ್ಕೆಜೋಳ

ನಮ್ಮ ಪ್ರಯೋಗಾಲಯದಲ್ಲಿ ಮಾದರಿ ತೆಗೆದುಕೊಳ್ಳುವ ಕಿಟಕಿಯ ಪಕ್ಕ ಒಂದು ಸೂಚನೆ ಅಂಟಿಸಿದ್ದೇವೆ. ಅರಿಶಿನ, ಕುಂಕುಮ, ವಿಭೂತಿ ಸೋಕಿದ ಧಾನ್ಯವನ್ನಾಗಲಿ ಮೇವನ್ನಾಗಲಿ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ ಎಂದು ತಮಿಳಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ದಿಂಡಿಗಲ್ಲಿಗೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳು ಅದನ್ನು ಓದಿ ನಗುತ್ತಾರೆ. ನಗಲಿ. ಇನ್ನಾವ ಸರ್ಕಾರಿ ಪ್ರಯೋಗಾಲಯದಲ್ಲೂ ಇಂಥ ಸೂಚನೆ ಇರಲಾರದು. ಅದು ಅಲ್ಲಿಗೆ ಬಂದದ್ದು ನನ್ನ ದೊಡ್ಡಪ್ಪನಿಂದ.

ನಾವು ಕಂಬಂ ಕಣಿವೆಯ ಕನ್ನಡದವರು. ಎಷ್ಟು ತಲೆಮಾರಿನ ಹಿಂದೆ ಬಂದೆವೋ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮವರೆಲ್ಲ ಸೇರಿ ಸಾಕುವ ಒಂದು ದನದ ಮಂದೆ ಇದೆ. ಅವು ದೇವರ ದನ. ಅವನ್ನು ಮಾರುವಂತಿಲ್ಲ, ನೊಗಕ್ಕೆ ಕಟ್ಟುವಂತಿಲ್ಲ. ಹರಕೆ ಹೊತ್ತ ಮನೆಯವರು ಕರು ಬಿಡುತ್ತಾರೆ, ಬೆಳೆದದ್ದರಲ್ಲಿ ಒಂದು ಪಾಲು ಮೇವು ಕೊಡುತ್ತಾರೆ. ಮಂದೆಗೆ ಒಂದು ಪಟ್ಟದ ಹೋರಿ ಇರುತ್ತದೆ. ಅದು ತೀರಿಕೊಂಡಾಗ ಹೊಸದನ್ನು ಆರಿಸುವವರು ನಾವಲ್ಲ. ಬಯಲಿನಲ್ಲಿ ಕಬ್ಬಿನ ಕಟ್ಟು ಇಟ್ಟು ಎಲ್ಲರೂ ದೂರ ಸರಿಯುತ್ತೇವೆ. ಯಾವ ಹೋರಿ ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಆ ಹೊತ್ತಿನಲ್ಲಿ ಯಾರೂ ಕೆಮ್ಮುವಂತೆಯೂ ಇಲ್ಲ. ಯಾರ ಮನೆಯಿಂದ ಬಿಟ್ಟ ಹೋರಿ ಆ ಮಂದೆಯಲ್ಲಿದೆಯೋ ಅವರಂತೂ ಬೆನ್ನು ತಿರುಗಿಸಿ ನಿಲ್ಲಬೇಕು. ಮಾಲೀಕನ ಮುಖ ಕಂಡರೆ ಹೋರಿ ಆ ಕಡೆ ನಡೆದೀತು ಎಂಬ ಭಯ. ಚಿಕ್ಕವಳಿದ್ದಾಗ ಒಮ್ಮೆ ನಮ್ಮಪ್ಪನ ಜೊತೆ ಹಾಗೆ ಬೆನ್ನು ತಿರುಗಿಸಿ ನಿಂತು, ತಿರುಗಿ ನೋಡುವ ಆಸೆಗೆ ಕತ್ತು ನೋಯಿಸಿಕೊಂಡದ್ದು ನೆನಪಿದೆ.

ಅಂಥ ಮನೆಯವಳು ನಾನು ರಸಾಯನಶಾಸ್ತ್ರ ಓದಿ, ಮನುಷ್ಯರ ಆಹಾರವನ್ನೂ ದನಕೋಳಿಗಳ ಮೇವನ್ನೂ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯಕ್ಕೆ ಸೇರಿದೆ. ಮೇವಿನ ವಿಭಾಗ ನನ್ನದು. ಬಹಳ ಕಾಲ ನಮ್ಮ ವರದಿಗೆ ಬೆಲೆಯೇ ಇರಲಿಲ್ಲ. ಬೂಸ್ಟು ಹಿಡಿದ ಹಿಂಡಿ ಮಾರಿದವನ ಕೈಗೆ ವರದಿ ಕೊಟ್ಟರೆ, "ನಿಮಗೆ ಮಾನ್ಯತೆ ಇದೆಯಾ ಮೇಡಂ?" ಎಂದು ಕೇಳಿ, ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ನಡೆಯುತ್ತಿದ್ದ. ಯಂತ್ರ ಸರಿ ಇದೆ, ತೂಕ ಸರಿ ಇದೆ, ಕೆಲಸ ಮಾಡುವವರಿಗೆ ಕೆಲಸ ಗೊತ್ತಿದೆ, ಯಾರ ಮುಲಾಜಿಗೂ ಬೀಳುವವರಲ್ಲ ಎಂದು ಹೊರಗಿನವರು ಬಂದು ನೋಡಿ ಒಪ್ಪಬೇಕು. ಅದೇ ಮಾನ್ಯತೆ. ಅದಿಲ್ಲದ ವರದಿಯನ್ನು ವಕೀಲರು ಗಾಳಿಗೆ ತೂರಿಬಿಡುತ್ತಾರೆ. ನನಗೆ ಅದು ಉರಿಯುತ್ತಿತ್ತು. ನಾನು ಸುಮ್ಮನಿರುವ ಜಾಯಮಾನದವಳಲ್ಲ. ಮೇಲಿನವರ ತಲೆ ತಿಂದು, ಕೆಳಗಿನವರ ನಿದ್ದೆ ಕೆಡಿಸಿ, ಕೊನೆಗೂ ಅರ್ಜಿ ಹಾಕಿಸಿದೆ. ಮಾದರಿ ಇಡುವ ಬೀರುವಿಗೆ ಹಾಕಿದ ಬೀಗವನ್ನು ಕೂಡ ಊರಿನ ಬೀಗ ಮಾಡುವವರ ಬೀದಿಗೆ ನಾನೇ ಹೋಗಿ ತಂದದ್ದು.

ಪರಿಶೀಲಕರು ಬರುವುದಕ್ಕೆ ಸ್ವಲ್ಪ ಮುಂಚೆ ಮಂದೆಯಲ್ಲಿ ತೊಂದರೆ ಶುರುವಾಯಿತು. ಹಸುಗಳು ಮೇವು ಬಿಟ್ಟವು, ಕರುಗಳು ಸೊರಗಿದವು. ಹರಕೆಯ ಕಾಳಿನಲ್ಲಿ ಬೂಸ್ಟು ಇರಬಹುದು, ಯಾವುದನ್ನೂ ಪರೀಕ್ಷೆ ಮಾಡಿಸದೆ ತಿನ್ನಿಸಬೇಡಿ ಎಂದರು ಪಶುವೈದ್ಯರು. ಮಂದೆಯ ಉಸ್ತುವಾರಿ ದೊಡ್ಡಪ್ಪನದು. ಆ ಸಲ ಕೊಟ್ಟಿಗೆಯ ಉಗ್ರಾಣದಲ್ಲಿ ಮೂಟೆಗಟ್ಟಿ ಇಟ್ಟು ದನಕ್ಕೆ ಹಾಕುತ್ತಿದ್ದ ಮೆಕ್ಕೆಜೋಳವೂ ಅವರ ಹೊಲದ್ದೇ. ಚಿನ್ನಮನೂರಿನ ಪಕ್ಕದ ಹೊಲ, ಹರಕೆ ಹೊತ್ತು ಬೆಳೆದ ಬೆಳೆ. ಅದರಲ್ಲಿ ದೋಷ ಇರಬಹುದು ಎಂಬ ಮಾತನ್ನು ಅವರ ಎದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಅವರೇ ನನಗೆ ಫೋನ್ ಮಾಡಿದರು.

"ಸೋಳ ತಗೊಂಡು ನಾಳೆ ಬತ್ತೀನಿ ಕಣ್ಣು. ನೀನೇ ನೋಡಿ ಹೇಳು."

"ನಾಳೆ ಬೇಡ ದೊಡ್ಡಪ್ಪಾ. ನಾಳೆ ನಮ್ಮನ್ನೇ ಪರೀಕ್ಷೆ ಮಾಡೋರು ಬತ್ತಾರೆ."

"ಬರಲಿ ಬಿಡು. ನಾಳೆ ನಾಳು ಚೆನ್ನಾಗೈತೆ."

ಸೋಳ ಎಂದರೆ ಜೋಳ, ನಾಳು ಎಂದರೆ ದಿನ. ದಿನ ಚೆನ್ನಾಗಿದ್ದರೆ ದೊಡ್ಡಪ್ಪನನ್ನು ತಡೆಯುವವರು ಯಾರೂ ಇಲ್ಲ.

ಬಂದ ಪರಿಶೀಲಕರು ಒಬ್ಬರೇ, ಮೈಸೂರು ಕಡೆಯವರು, ಮಾತು ಕಡಿಮೆ. ಎರಡು ದಿನ ಇರುವವರಿದ್ದರು. ತಕ್ಕಡಿ ನೋಡಿದರು, ಫ್ರಿಜ್ಜಿನೊಳಗೆ ತಲೆ ಹಾಕಿದರು, ನನ್ನ ಬೀಗವನ್ನು ಎಳೆದು ನೋಡಿದರು. ಮಧ್ಯಾಹ್ನದ ಹೊತ್ತಿಗೆ, "ಈಗ ಹೊರಗಿನಿಂದ ಬರುವ ಮೊದಲ ಮಾದರಿಯನ್ನು ಬಾಗಿಲಿನಿಂದಲೇ ಹಿಂಬಾಲಿಸುತ್ತೇನೆ. ಬೂಸ್ಟಿನ ವಿಷದ ಪರೀಕ್ಷೆಯನ್ನು ನೀವೇ ನನ್ನ ಕಣ್ಣೆದುರು ಮಾಡಿ ತೋರಿಸಬೇಕು," ಎಂದು ನನಗೆ ಹೇಳಿದರು. ಆ ಪರೀಕ್ಷೆಗಾಗಿಯೇ ನಾನು ಇಷ್ಟೆಲ್ಲ ಒದ್ದಾಡಿದ್ದು. ಅದೊಂದು ಎಡವಿದರೆ ಮೇವಿನ ವಿಭಾಗಕ್ಕೆ ಮಾನ್ಯತೆ ಇಲ್ಲ, ಹಿಂಡಿ ವ್ಯಾಪಾರಿಗಳು ಮೊದಲಿನಂತೆಯೇ ನಗುತ್ತಿರುತ್ತಾರೆ. ಆದರೂ ನನಗೆ ಭಯವಿರಲಿಲ್ಲ. ನನ್ನ ಕೈಯ ಮೇಲೆ ನನಗೆ ನಂಬಿಕೆಯಿತ್ತು.

ಬಾಗಿಲಲ್ಲಿ ಆಟೋ ನಿಂತಿತು. ದೊಡ್ಡಪ್ಪ ಇಳಿದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಒಂದು ಚೀಲ. ಚೀಲಕ್ಕೆ ಮೂರು ಬೆರಳು ಅರಿಶಿನ, ನಡುವೆ ಕುಂಕುಮ, ಬಾಯಿಗೆ ಸುತ್ತಿದ ಸಂಪಿಗೆ ಹೂವಿನ ಸರ.

ಮೊದಲ ಮಾದರಿ ಅದೇ. ಪರಿಶೀಲಕರ ಕಡೆ ತಿರುಗಿ ಹೇಳಿಬಿಟ್ಟೆ: "ಸಾರ್, ಇವರು ನನ್ನ ದೊಡ್ಡಪ್ಪ. ಜೋಳ ಅವರ ಹೊಲದ್ದು. ನಾನು ಇದನ್ನು ಮುಟ್ಟುವ ಹಾಗಿಲ್ಲ."

"ಹಾಗಾದರೆ ಯಾರು ಮಾಡುತ್ತಾರೆ?"

ನನ್ನ ಸಹೋದ್ಯೋಗಿಯನ್ನು ತೋರಿಸಿದೆ. ವೇದಸಂದೂರಿನ ಹುಡುಗಿ, ನೂಲಿನ ಗಿರಣಿಯಲ್ಲಿ ದುಡಿದ ತಾಯಿ ಓದಿಸಿದ ಮಗಳು. ಕೆಲಸವನ್ನು ನಾನೇ ಕಲಿಸಿದ್ದೆ. ಹೊರಗಿನವರ ಎದುರು ಅವಳು ಎಂದೂ ಮಾಡಿರಲಿಲ್ಲ. ಅವಳ ಮುಖ ಬಿಳುಚಿಕೊಂಡಿತು. ನನ್ನದೂ ಹಾಗೇ ಆಗಿತ್ತೇನೋ. ಇಷ್ಟು ಕಾಲ ನಾನು ಕಾದ ಪರೀಕ್ಷೆ ಒಂದೇ ಮಾತಿನಲ್ಲಿ ಅವಳ ಕೈಗೆ ಹೋಗಿತ್ತು.

ಅವಳು ಚೀಲ ಬಿಚ್ಚಿದಳು. ಒಳಗಿನ ಕಾಳೆಲ್ಲ ಹಳದಿ. ದೇವರ ದನಕ್ಕೆ ಹೋಗುವ ಕಾಳೆಂದು ದೊಡ್ಡಪ್ಪ ಅರಿಶಿನದ ನೀರು ಚಿಮುಕಿಸಿ ಒಣಗಿಸಿ ತಂದಿದ್ದರು. ಅವಳು ಒಂದು ಹಿಡಿ ಕಾಳನ್ನು ಒಡೆದು, ಕತ್ತಲ ಪೆಟ್ಟಿಗೆಯಲ್ಲಿಟ್ಟು, ನೇರಳೆ ದೀಪ ಹಾಕಿದಳು. ಬೂಸ್ಟಿನ ಗುರುತಿದ್ದ ಕಾಳು ಆ ದೀಪದ ಕೆಳಗೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ತೊಂದರೆಯೆಂದರೆ ಅರಿಶಿನವೂ ಹಾಗೇ ಹೊಳೆಯುತ್ತದೆ. ಪೆಟ್ಟಿಗೆಯೊಳಗೆ ಒಂದೊಂದು ಕಾಳೂ ಮಿಂಚುತ್ತಿತ್ತು. ದೊಡ್ಡಪ್ಪ ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡಿ, "ಅಯ್ಯೋ ಸಾಮೀ, ಎಲ್ಲಾ ವಿಷವಾ?" ಎಂದರು.

"ಇಲ್ಲ ತಾತಾ," ಎಂದಳು ಹುಡುಗಿ ತಮಿಳಿನಲ್ಲಿ. ದನಿ ನಡುಗುತ್ತಿತ್ತು, ಮಾತು ನಡುಗಲಿಲ್ಲ. "ಇದು ಅರಿಶಿನವೋ ವಿಷವೋ ಹೇಳಲು ಬರುವುದಿಲ್ಲ. ಈ ಮಾದರಿ ಪರೀಕ್ಷೆಗೆ ಯೋಗ್ಯವಲ್ಲ. ವಾಪಸ್ ಕೊಡುತ್ತಿದ್ದೇನೆ."

ದೊಡ್ಡಪ್ಪನಿಗೆ ಸಿಟ್ಟು ನೆತ್ತಿಗೇರಿತು. ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಸಾಮಿಗೆ ಅಂತ ಆಕಿದ ಅರಿಶಿನ ನಿಮಗೆ ಕಸವಾ? ನೀನು ನಮ್ಮ ಮನೆ ಪಿಳ್ಳೆ ಅಂತ ಇಷ್ಟು ದೂರ ಬಂದೆ. ನೀನೇ ನೋಡ್ತೀಯ ಅಂತ ಬಂದೆ. ನೀನು ಕೈ ಕಟ್ಟಿಕೊಂಡು ನಿಂತಿದ್ದೀಯ!"

"ದೊಡ್ಡಪ್ಪಾ," ಎಂದೆ. "ಕಬ್ಬು ಇಟ್ಟಾಗ ಅಪ್ಪ ಎಂಗೆ ನಿಂತಿದ್ರು?"

ಅವರು ಚೀಲ ಎತ್ತಿಕೊಂಡು, ಮುಖ ಊದಿಸಿಕೊಂಡು, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ಹೋದರು. ಪರಿಶೀಲಕರು ಏನೋ ಬರೆದುಕೊಂಡರು. ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮನೆಗೆ ಹೋಗಿ ನಾನು ಅತ್ತೆ. ಮಾನ್ಯತೆಗಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ದೇವರ ದನ ತೋರಿಸಿದ ಮನುಷ್ಯನನ್ನು ಬಾಗಿಲಿನಿಂದ ಬರಿಗೈಯಲ್ಲಿ ಕಳಿಸಿದ್ದೆ.

ಮಾರನೆಯ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಹೊತ್ತಿಗೆ ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ತೇನಿಯಲ್ಲಿ ಮೊದಲ ಬಸ್ಸು ಹಿಡಿದಿರಬೇಕು. ಅದೇ ಪಂಚೆ, ಸುಕ್ಕಾಗಿತ್ತು. ಕೈಯಲ್ಲಿ ಹೊಸ ಬಟ್ಟೆಯ ಚೀಲ, ಅರಿಶಿನವಿಲ್ಲ, ಹೂವಿಲ್ಲ. ನನ್ನನ್ನು ನೋಡಿಯೂ ನೋಡದವರಂತೆ ನೇರ ಆ ಹುಡುಗಿಯ ಬಳಿ ಹೋಗಿ, ಪ್ರತಿ ಮೂಟೆಯ ಮೇಲಿಂದ, ನಡುವಿನಿಂದ, ಅಡಿಯಿಂದ ತೆಗೆದು ಬೆರೆಸಿದ್ದೇನೆ ಎಂದು ತಮಿಳಿನಲ್ಲಿ ಹೇಳಿದರು. ಚೀಲವನ್ನು ಕಿಟಕಿಯಲ್ಲಿಟ್ಟರು. ಆಮೇಲೆ ಅಂಗಳಕ್ಕಿಳಿದು, ಬೇವಿನ ಮರದ ಕೆಳಗೆ, ಪ್ರಯೋಗಾಲಯಕ್ಕೆ ಬೆನ್ನು ಮಾಡಿ ನಿಂತರು.

ನಾನೂ ಹೋಗಿ ಅವರ ಪಕ್ಕದಲ್ಲಿ ರಸ್ತೆಗೆ ಮುಖ ಮಾಡಿ ನಿಂತೆ.

ಒಳಗೆ ಹುಡುಗಿ ಕಾಳು ಬೀಸುತ್ತಿದ್ದಳು. ಆಮೇಲೆ ಸೋಸುವುದು, ಆಮೇಲೆ ಯಂತ್ರಕ್ಕೆ ಕೊಡುವುದು. ಪ್ರತಿ ಸದ್ದೂ ನನಗೆ ಗೊತ್ತು. ತಿರುಗಿ ನೋಡಬೇಕೆಂಬ ಆಸೆಗೆ ಚಿಕ್ಕಂದಿನ ಹಾಗೇ ಕತ್ತು ನೋಯುತ್ತಿತ್ತು. ಯಂತ್ರ ತನ್ನ ಪಾಡಿಗೆ ಓಡುತ್ತಿದ್ದಾಗ ಪರಿಶೀಲಕರು ಟೀ ಲೋಟ ಹಿಡಿದು ಹೊರಗೆ ಬಂದರು. ನಮ್ಮಿಬ್ಬರ ಬೆನ್ನನ್ನೂ ಸ್ವಲ್ಪ ಹೊತ್ತು ನೋಡಿರಬೇಕು.

"ಯಜಮಾನರೇ, ಒಳಗೆ ನೆರಳಲ್ಲಿ ಬೆಂಚಿದೆಯಲ್ಲ. ಇಲ್ಲಿ ಯಾಕೆ ಆ ಕಡೆ ತಿರುಗಿ ನಿಂತಿದ್ದೀರಿ?" ಎಂದು ಕೇಳಿದರು, ಮೈಸೂರಿನ ಕನ್ನಡದಲ್ಲಿ.

ದೊಡ್ಡಪ್ಪ ತಿರುಗಲಿಲ್ಲ. "ಸೋಳ ನಂದು ಸಾಮೀ. ನಾನು ನೋಡಬಾರದು," ಎಂದರು. ಆಮೇಲೆ ಗದ್ದದಿಂದ ನನ್ನ ಕಡೆ ತೋರಿಸಿ, "ಪಿಳ್ಳೆಯೂ ನಂದೇ. ಇವಳೂ ನೋಡಬಾರದು," ಎಂದರು.

ಪರಿಶೀಲಕರು ಟೀ ಮುಗಿಸಿ ಒಳಗೆ ಹೋದರು. ಮೊದಲ ಸಲ ಆ ಮನುಷ್ಯ ನಕ್ಕದ್ದು ಬೆನ್ನ ಹಿಂದೆ ಕೇಳಿಸಿತು.

ಸಂಜೆಯ ಹೊತ್ತಿಗೆ ಹುಡುಗಿ ವರದಿ ಹಿಡಿದು ಬಂದಳು. ಅವಳ ಕೆಲಸದಲ್ಲಿ ಪರಿಶೀಲಕರು ಒಂದು ತಪ್ಪನ್ನೂ ಎತ್ತಿರಲಿಲ್ಲ. ಅದನ್ನು ಹೇಳಿ ಹಿಗ್ಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಜೋಳದಲ್ಲಿ ವಿಷ ಮಿತಿಯನ್ನು ದಾಟಿತ್ತು, ತುಂಬಾ ದಾಟಿತ್ತು. ಕೊಯ್ಲಿನ ಹೊತ್ತಿಗೆ ಬಂದ ಮಳೆ, ರಸ್ತೆಯ ಮೇಲೆ ಅರೆಬರೆ ಒಣಗಿಸಿದ್ದು, ಎಲ್ಲ ಸೇರಿತ್ತು. ದನಗಳಿಗೆ ಕೊಡಬಾರದು ಎಂದು ಅವಳು ಮೆಲ್ಲಗೆ ಹೇಳಿದಳು.

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ನನ್ನ ಕೈಯಾರೆ ದೇವರಿಗೆ ವಿಷ ಬಡಿಸಿದೆನಲ್ಲ ಎಂಬ ಸಂಕಟ ಆ ಮುಖದಲ್ಲಿ ಕಾಣುತ್ತಿತ್ತು. ಗೊತ್ತಿಲ್ಲದೆ ಆದದ್ದು ಎಂದು ಸಮಾಧಾನ ಹೇಳಲು ಹೊರಟೆ. ಕೈ ಅಡ್ಡ ಹಿಡಿದು ತಡೆದರು.

"ಕಾಗದದಾಗೆ ಅಂಗೇ ಬರೆದೈತಾ?"

"ಆಮಾ ದೊಡ್ಡಪ್ಪಾ. ಇದ್ದಂಗೇ ಬರೆದೈತೆ."

"ಶರಿ. ಓಗಿ ಗುಂಡಿ ತೋಡಿಸ್ತೀನಿ. ಒಂದು ಕಾಳೂ ಕೋಳಿಗೂ ಬೀಳಬಾರದು." ಮೆಟ್ಟಿಲಿಳಿಯುವಾಗ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಹೋದರು. ನನ್ನ ತಲೆಯ ಮೇಲೆ ಇಡಲಿಲ್ಲ. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

ಜೋಳವನ್ನು ಹೂಳಿಸಿದ ಮೇಲೆ ಮಂದೆ ನಿಧಾನವಾಗಿ ಚೇತರಿಸಿಕೊಂಡಿತು. ಕೆಲವು ತಿಂಗಳ ಮೇಲೆ ನಮಗೆ ಮಾನ್ಯತೆ ಬಂತು, ಮೇವಿನ ವಿಭಾಗವೂ ಸೇರಿ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆವು. ಈಗ ನಮ್ಮ ವರದಿಯನ್ನು ಯಾರೂ ಮಡಿಸಿ ಜೇಬಿಗಿಟ್ಟುಕೊಂಡು ನಡೆಯುವುದಿಲ್ಲ. ಆ ಹುಡುಗಿ ಈಗ ಬೇರೆ ಜಿಲ್ಲೆಯವರಿಗೂ ಪರೀಕ್ಷೆ ಕಲಿಸುತ್ತಾಳೆ. ಪ್ರತಿ ಬೆಳಿಗ್ಗೆ ಆ ಗೋಡೆಯ ಮುಂದೆ ಹಾಯುವಾಗ ನನ್ನ ನಡಿಗೆ ಕೊಂಚ ಬೇರೆಯಾಗುತ್ತದೆ ಎಂದು ಜವಾನ ಆಡಿಕೊಳ್ಳುತ್ತಾನೆ. ಇದ್ದೀತು.

ಅದೇ ವರ್ಷ ನಮ್ಮವರೆಲ್ಲ ಮಂದೆಯ ಬಯಲಿನಲ್ಲಿ ಸೇರಿದಾಗ ನಾನೂ ಹೋಗಿದ್ದೆ. ಇನ್ನು ಮುಂದೆ ಹರಕೆಯ ಕಾಳೆಲ್ಲ ದಿಂಡಿಗಲ್ಲಿನಲ್ಲಿ ಪರೀಕ್ಷೆಯಾಗಿಯೇ ಉಗ್ರಾಣ ಸೇರಬೇಕು ಎಂದು ದೊಡ್ಡಪ್ಪ ಹೇಳಿದರು. ಕೆಲವರು ಗೊಣಗಿದರು. ಹಿಂಡಿಯ ಅಂಗಡಿ ಇಟ್ಟಿರುವ ನಮ್ಮವರೊಬ್ಬರು ಎದ್ದು ನಿಂತು, "ಅಲ್ಲಿ ಕೂತಿರೋದು ನಿಮ್ಮ ತಮ್ಮನ ಮಗಳು. ನಿಮ್ಮ ಮನೆ ಕಾಳು ಪಾಸು, ನಮ್ಮದು ಫೇಲು ಅಂದ್ರೆ ನಾವು ಯಾರನ್ನ ಕೇಳೋದು?" ಎಂದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ನನ್ನ ಮೈ ಉರಿದುಹೋಯಿತು. ಎದ್ದು ಉತ್ತರ ಕೊಡಲು ಹೊರಟೆ.

ದೊಡ್ಡಪ್ಪ ಅಂಗಿಯ ಜೇಬಿಗೆ ಕೈ ಹಾಕಿದರು. ಪ್ಲಾಸ್ಟಿಕ್ ಹಾಕಿಸಿ ಭದ್ರ ಮಾಡಿದ ಆ ದಿನದ ನಮ್ಮ ವರದಿ ಹೊರಗೆ ಬಂತು. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಹತ್ತು ಜನ್ಮದ ಪುಣ್ಯ ಸಿಕ್ಕವರ ಹಾಗೆ ಅವರ ಎದೆ ಉಬ್ಬಿತ್ತು.

"ನನ್ನ ಸೋಳಾನ ಬೇಡ ಅಂದ ಜಾಗ ಅದು," ಎಂದರು. "ಓಗಿ ಕೊಡಿ."