ಎಂಟು ಜಾಡಿ ಪಾಚಿ

“ಅತ್ತೆ, ಇದನ್ನ ಕೊಳದ ಕೊಳೆ ಅನ್ಬೇಡಿ. ಇದಕ್ಕೆ ಹೊಲ ಬೇಡ, ಸಿಹಿನೀರು ಬೇಡ. ಉಪ್ಪುನೀರು, ಬಿಸಿಲು ಇದ್ರೆ ಸಾಕು. ಒಣಗಿಸಿ ಹಿಟ್ಟಿಗೆ ಒಂದು ಚಮಚ ಬೆರೆಸಿದ್ರೆ ಮಕ್ಕಳ ಮೈಗೆ ಹತ್ತುತ್ತೆ. ನಾನು ಸ್ಕೂಲಲ್ಲಿ ಮಧ್ಯಾಹ್ನ ನಲ್ಲಿ ನೀರು ಕುಡಿದು, ಊಟ ಆಯ್ತು ಅನ್ನೋ ಹಾಗೆ ಎಲ್ಲರೆದುರು ಬಾಯಿ ಒರೆಸ್ಕೊಳ್ತಿದ್ದೆ. ಬೇರೆಯವರ ಪಾಚಿ ಇಷ್ಟು ಉಪ್ಪಿಗೆ ಸತ್ತೇ ಹೋಗುತ್ತೆ. ನಂದು ಸಾಯಲ್ಲ. ಹಟಮಾರಿ, ನನ್ನ ಹಾಗೇ.”

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಅತ್ತೆಗೆ ಆ ಹುಡುಗಿ ಇದನ್ನು ನಾಲ್ಕು ವರ್ಷಗಳಲ್ಲಿ ಎಷ್ಟು ಸಲ ಹೇಳಿದ್ದಳೋ. ಉಳಿದವರಿಗೆಲ್ಲ ಅವಳು ಪಾಚಿ ಡಾಕ್ಟರು.

ಬಿಸಿಲುಕೋಣೆಯಲ್ಲಿ ಎಂಟು ಜಾಡಿ. ಜಾಡಿ ಕೆಟ್ಟರೆ ಮತ್ತೆ ಬೆಳೆಸಲು ಮೂಲ ಪಾಚಿ ಇಟ್ಟ ಬೀಜದ ಬಾಟಲು ಮಾತ್ರ ಬೇರೆ ಕಪಾಟಿನಲ್ಲಿ. ಅದನ್ನು ಬೇರೆ ದಿನವೇ, ಬೇರೆ ಪಿಪೆಟ್ಟಿನಿಂದಲೇ ಮುಟ್ಟಬೇಕೆಂದು ಅವಳೇ ಮಾಡಿಕೊಂಡ ಕಟ್ಟಳೆ. ಸೋಮವಾರ ಹಿರಿಯ ವಿಜ್ಞಾನಿಗಳು ಬಂದು ಕೆಲಸ ನೋಡುವವರಿದ್ದರು. ಒಂದು ದಿನ ಉಳಿಯಲೆಂದು ಈ ಸಲ ಜಾಡಿಗಳ ಕೆಲಸ ಮುಗಿಸಿದವಳೇ ಅದೇ ಪಿಪೆಟ್ಟಿನಿಂದ ಬೀಜದ ಬಾಟಲಿಗೂ ಹೊಸ ನೀರು ಕೊಟ್ಟಳು.

ಮೂರನೆಯ ದಿನಕ್ಕೆ ಜಾಡಿಗಳ ಹಸಿರು ಸೋರಿಹೋದಂತೆ ತೆಳುವಾಯಿತು. ಅವಳು ಅತ್ತೆಯನ್ನು ಕರೆದು ಸೂಕ್ಷ್ಮದರ್ಶಕ ತೋರಿಸಿದಳು. ಗಾಜಿನಂಥ ಹುಳುಗಳು ಗಿರಗಿರ ತಿರುಗುತ್ತಿದ್ದವು, ಹೊಟ್ಟೆಯೆಲ್ಲ ಹಸಿರು.

“ತಿಂತಾ ಇವೆಯಲ್ಲೇ ಮಗಾ. ಬೀಜದ ಬಾಟಲು?”

“ಅದರಲ್ಲೂ ಇವೆ. ಜಾಡಿಯಿಂದ ಅದೇ ಪಿಪೆಟ್ಟಲ್ಲಿ ನಾನೇ ಕೈಯಾರೆ ಬಿಟ್ಟೆ.” ಹುಡುಗಿ ಕುರ್ಚಿಗೆ ಒರಗಿದಳು. “ಕೊನೆಗೂ ಯಾರದೋ ಹೊಟ್ಟೆ ತುಂಬ್ತು ಬಿಡಿ.”

ಅತ್ತೆಗೆ ನಗು ಬರಲಿಲ್ಲ.

ಹುಡುಗಿ ಎರಡು ದಿನ ಹನಿ ಹನಿಯಾಗಿ ಹುಡುಕಿದಳು. ಹುಳುವಿಲ್ಲದ ಹನಿ ಸಿಗುವುದೇ ಕಷ್ಟವಾಯಿತು. ಸಿಕ್ಕ ಒಂದೆರಡರಲ್ಲಿ ಪಾಚಿಯೂ ಇರಲಿಲ್ಲ.

ಪ್ರಯೋಗಾಲಯದ ದೊಡ್ಡ ಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು: “ಬೇರೆ ಯಾರ ಹತ್ರನಾದ್ರೂ ಒಂದು ಬಾಟಲು ಇಟ್ಟಿದ್ದೀರೇನಮ್ಮ?”

“ಇಲ್ಲ ಸಾರ್. ಪೂರ್ತಿ ಖಾತ್ರಿ ಆದ್ಮೇಲೆ ಎಲ್ಲರಿಗೂ ಕೊಡೋಣ ಅಂತಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತೆಂದು ಅತ್ತೆಗೆ ಅನ್ನಿಸಿತು. “ಹಾಗಾದ್ರೆ ಸೋಮವಾರ ತೋರಿಸೋಕೇನೂ ಇಲ್ಲ. ಕೋಣೆ ಟೊಮೇಟೊ ರೋಗದ ಮೇಲೆ ಕೆಲಸ ಮಾಡೋರಿಗೆ ಕೊಡ್ತೀನಿ. ಜಾಡೀನೂ ಬೇಕಂತೆ ಅವರಿಗೆ,” ಎಂದು ಹೊರಟುಹೋದರು.

ಹುಳುವೆಲ್ಲ ಸಾಯಲೆಂದು ಹುಡುಗಿ ಎಂಟೂ ಜಾಡಿಗೆ ಬ್ಲೀಚು ಸುರಿದಳು. ಕೊನೆಗೆ ಬೀಜದ ಬಾಟಲಿಗೂ ಸುರಿದಳು.

“ಅಂಥದ್ದೇ ಪಾಚಿ ಇನ್ನೊಂದ್ಸಲ ಹುಡುಕಿದ್ರೆ...?” ಅಂದಳು ಅತ್ತೆ.

“ನಾಲ್ಕು ವರ್ಷದಲ್ಲಿ ಸಿಕ್ಕಿದ್ದು ಅದೊಂದೇ, ಅತ್ತೆ.”

ಅರ್ಧ ಗಂಟೆ ಕಾದು ಇಬ್ಬರೂ ನೀರು ಚೆಲ್ಲಿದರು. ಅತ್ತೆ ಸೋಪು ಹಚ್ಚಿ ಉಜ್ಜಿದಳು, ಹುಡುಗಿ ಮೂರು ಸಲ ಜಾಲಾಡಿ ಸ್ಟ್ಯಾಂಡಿನ ಮೇಲೆ ಮಗುಚಿಟ್ಟಳು. ಎಂಟನೆಯ ಜಾಡಿಯ ತಳದ ಹಸಿರು ಗೆರೆ ಬಿಡಲಿಲ್ಲ. ಅತ್ತೆ ಬ್ರಶ್ಶಿಗೆ ಇನ್ನಷ್ಟು ಸೋಪು ಹಾಕಿಕೊಂಡಳು.