ಹೀರ್ಯಾನ ದವಡೆ

ಮಮದಾಪುರದ ಹೊಲದಲ್ಲಿ ನನ್ನ ಸೋದರಮಾವ ಹೂತಿಟ್ಟಿದ್ದ ಎತ್ತಿನ ಕೆಳದವಡೆಯನ್ನು ಕದ್ದವಳು ನಾನು. ಆ ಗುಮಾನಿ ಇನ್ನೊಬ್ಬನ ಮೇಲೆ ಬಿದ್ದಾಗ ಬಾಯಿ ಮುಚ್ಚಿಕೊಂಡು ಕುಳಿತವಳೂ ನಾನೇ— ಅಲ್ಲ, ಇದೂ ಪೂರ್ತಿ ನಿಜವಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ನಾನು ಒಂದು ಮಾತು ಆಡಿದೆ.

ಹದಿನೆಂಟು ವರ್ಷದ ಹಿಂದಿನ ಸಂಗತಿ. ಕೆಲವು ವಿವರಗಳನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದು ತೊಟ್ಟಿದ್ದ ಚೂಡಿದಾರ ಹಸಿರು ಎಂದು ನನ್ನ ನೆನಪು. ಅದನ್ನು ಹೊಲಿಸಿದ್ದೇ ಮರುವರ್ಷ ಎಂದು ಟಿಕೋಟಾದಲ್ಲಿರುವ ಅವ್ವ ಹೇಳುತ್ತಾಳೆ. ದಿನಚರಿ ಬರೆಯುವ ರೂಢಿ ಆಗಲೂ ಇತ್ತು. ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಎರಡೇ ವಾಕ್ಯ: "ಮಮದಾಪುರಕ್ಕೆ ಹೋಗಿದ್ದೆ. ಸೆಟ್ ಪೂರ್ತಿಯಾಯಿತು." ನನ್ನ ನೆನಪನ್ನು ನಂಬಬಾರದೆಂದು ಮೊದಲೇ ಗೊತ್ತಿತ್ತು. ದಿನಚರಿಯನ್ನೂ ನಂಬಬಾರದೆಂದು ಗೊತ್ತಾಗಿದ್ದು ಆ ಪುಟ ಓದಿದಾಗ.

ಮಾಮ ಅವ್ವನ ತಮ್ಮ. ಮದುವೆಯಾದ ಮೂರನೇ ವರ್ಷ ಹೆಂಡತಿ ತೀರಿಕೊಂಡಳು. ಮಕ್ಕಳಿರಲಿಲ್ಲ, ಇನ್ನೊಂದು ಮದುವೆಗೆ ಅವನು ಒಪ್ಪಲಿಲ್ಲ. ಅವನಿಗಿದ್ದದ್ದು ಒಂದು ಎರೆಹೊಲ, ಒಂದು ಎತ್ತು. ಒಂದೇ ಏಕೆಂದರೆ ಇನ್ನೊಂದು ಮಾಳಪ್ಪನ ಹತ್ತಿರ ಇತ್ತು. ಮಾಳಪ್ಪ ಮಾಮನ ದೊಡ್ಡಪ್ಪನ ಮಗ, ಬದುವಿನ ಆಚೆಯ ಹೊಲದವನು. ಇಬ್ಬರೂ ಒಂದೊಂದು ಎತ್ತು ಸಾಕಿಕೊಂಡು, ಹರಗುವಾಗ ಬಿತ್ತುವಾಗ ಎರಡನ್ನೂ ಒಂದೇ ನೊಗಕ್ಕೆ ಹೂಡುತ್ತಿದ್ದರು. ಒಂದು ದಿನ ಇವನ ಹೊಲ, ಮರುದಿನ ಅವನದು. ಮಾಮನದು ಹೀರ್ಯಾ, ಮಾಳಪ್ಪನದು ಕೆಂದ. ಊರವರು ಅವರಿಬ್ಬರನ್ನೇ ಎತ್ತುಗಳ ಹೆಸರಿನಿಂದ ಕರೆದು ನಗುತ್ತಿದ್ದರು. ಮಾಮ ಮಾತು ಕಡಿಮೆಯ ಮನುಷ್ಯ. ಅವನು ತಾನಾಗಿ ಮಾತಾಡುತ್ತಿದ್ದುದು ಮಾಳಪ್ಪನೊಂದಿಗೆ— ಮತ್ತೆ ರಜೆಯಲ್ಲಿ, ನನ್ನೊಂದಿಗೆ.

ದವಡೆಯನ್ನು ಓದಲು ನನಗೆ ಕಲಿಸಿದ್ದು ಕಾಲೇಜಲ್ಲ, ಮಾಮ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಬಂದವಳನ್ನು ನೇರ ಕೊಟ್ಟಿಗೆಗೆ ಕರೆದೊಯ್ದು ಹೀರ್ಯಾನ ತುಟಿ ಎತ್ತಿ ತೋರಿಸುತ್ತಿದ್ದ. ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಬರೀ ಗಟ್ಟಿ ವಸಡು. ಕೆಳಗಿನ ಎಂಟು ಹಲ್ಲೇ ಅದರ ಜಾತಕ. ಕರುವಿನ ಹಾಲುಹಲ್ಲು ಬಿದ್ದು ಎರಡು, ನಾಲ್ಕು, ಆರು, ಎಂಟು ಎಂದು ಜೋಡಿ ಜೋಡಿಯಾಗಿ ಬರುತ್ತವೆ. ಎಂಟೂ ಬಂದರೆ ಬಾಯಿ ಕೂಡಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಹಲ್ಲು ಎಷ್ಟು ಸವೆದಿದೆ ಎಂಬುದರ ಮೇಲೆ ವಯಸ್ಸು ಹೇಳಬೇಕು, ಅದು ಅಂದಾಜು ಮಾತ್ರ.

ಬಿ.ಎಸ್ಸಿ. ಓದುವಾಗ ನನ್ನ ಬುದ್ಧಿಹಲ್ಲು ಅಡ್ಡ ಬೆಳೆದು, ವಿಜಯಪುರದಲ್ಲಿ ಕೀಳಿಸಿಕೊಂಡು, ಗಲ್ಲ ಊದಿಸಿಕೊಂಡೇ ಮಮದಾಪುರಕ್ಕೆ ಹೋಗಿದ್ದೆ. ಮನುಷ್ಯ ಬೇಯಿಸಿದ್ದು, ಮೆತ್ತಗಿನದು ತಿನ್ನತೊಡಗಿದ ಮೇಲೆ ದವಡೆ ಗಿಡ್ಡವಾಯಿತು, ಹಲ್ಲು ಮಾತ್ರ ಹಳೆಯ ಲೆಕ್ಕದಲ್ಲೇ ಹುಟ್ಟುತ್ತವೆ, ಜಾಗ ಸಾಲುವುದಿಲ್ಲ ಎಂದು ಪಾಠ ಒಪ್ಪಿಸಿದೆ. ಮಾಳಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿ, "ಹಂಗಲ್ಲ ಯವ್ವಾ, ಇಷ್ಟೊಂದು ಸಾಲಿ ಕಲತ ಮ್ಯಾಲ ಬುದ್ಧಿಹಲ್ಲಿಗಿ ಎಲ್ಲಿ ಜಾಗಾ ಉಳಿತೈತಿ?" ಎಂದ. ಮಾಮ ನಕ್ಕ. ಮಾಮ ಬಾಯಿ ಬಿಟ್ಟು ನಕ್ಕದ್ದು ನನಗೆ ಸ್ಪಷ್ಟವಾಗಿ ನೆನಪಿರುವುದು ಅದೊಂದೇ ಸಲ.

ಹೀರ್ಯಾ ಹದಿನಾರನೇ ವಯಸ್ಸಿಗೆ ಸತ್ತ. ಹೂಳುವಾಗ ನಾನೂ ಇದ್ದೆ. ನಮ್ಮ ಕಡೆ ಮನೆಯ ಎತ್ತನ್ನು ಎಲ್ಲೋ ಎಸೆಯುವುದಿಲ್ಲ, ದುಡಿದ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಬದುವಿನ ಮೂಲೆಯಲ್ಲಿ ಇಬ್ಬರೂ ಗುಂಡಿ ತೋಡಿದರು. ತಲೆಯ ಕಡೆ ಕಲ್ಲು ಹತ್ತಿ ಆಳವಾಗಲಿಲ್ಲ. ಮಾಮ ಉಪ್ಪು ಸುರಿದ, ಭಂಡಾರದ ಅರಿಶಿನ ಹಚ್ಚಿದ, ಬಾಯೊಳಗೆ ಒಂದು ತುಣುಕು ಬೆಲ್ಲ ಇಟ್ಟ. ಮಾಳಪ್ಪ ತನ್ನ ತಲೆಯ ಪಟಕ ಬಿಚ್ಚಿ ಅದರ ಮುಖಕ್ಕೆ ಹೊದಿಸಿ, "ಹೋಗಿ ಬಾರೋ ಯಪ್ಪಾ" ಎಂದ. ಬೆಲ್ಲ ಇಟ್ಟದ್ದನ್ನು ಕಂಡವರು ಮೂವರೇ.

ಮರುವರ್ಷ ನಾನು ಎಂ.ಎಸ್ಸಿ. ಪ್ರಾಣಿಶಾಸ್ತ್ರದ ಕೊನೆಯ ವರ್ಷದಲ್ಲಿದ್ದೆ. ಕರುವಿನಿಂದ ಮುದಿ ಎತ್ತಿನವರೆಗೆ ದವಡೆಗಳನ್ನು ಸಾಲಾಗಿ ಜೋಡಿಸಿ ತೋರಿಸುವುದು ನನ್ನ ಕೆಲಸ. ಸೊಲ್ಲಾಪುರ ರಸ್ತೆಯ ಆಚೆ ಎಲುಬು ಕೂಡಿಹಾಕುವ ಒಂದು ಗೋದಾಮಿನಿಂದ ಐದು ದವಡೆ ತಂದಿದ್ದೆ, ಕುದಿಸಿ, ತಿಕ್ಕಿ, ಬಿಸಿಲಿಗೆ ಒಣಗಿಸಿದ್ದೆ. ಬೇಕಾಗಿದ್ದದ್ದು ಆರನೆಯದು— ನಿಜವಾದ ವಯಸ್ಸು ಗೊತ್ತಿರುವ ಮುದಿ ಎತ್ತಿನದು. ಸಂತೆಯಲ್ಲಿ ಕೈ ಬದಲಿಸಿದ ಎತ್ತಿನ ವಯಸ್ಸು ಯಾರಿಗೆ ಗೊತ್ತು? ಹೀರ್ಯಾ ಹುಟ್ಟಿದ್ದು ಮಾಮನ ಕೊಟ್ಟಿಗೆಯಲ್ಲಿ, ಅವನ ಕೈಯ ಮೇಲೆ.

ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾನೆಂದು ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಮಾಮ ಬಬಲೇಶ್ವರದ ಸಂತೆಗೆ ಹೋದ ಮಧ್ಯಾಹ್ನ, ಸೊಪ್ಪು ತರುತ್ತೇನೆಂದು ಕಳೆ ಕೀಳುವ ಕುರಪಿ ಹಿಡಿದು ಹೊಲಕ್ಕೆ ಹೋದೆ. ಮೊದಲ ಮಳೆಗೆ ಮಣ್ಣು ಕುಸಿದು ಕೋಡಿನ ತುದಿ ಕಾಣುತ್ತಿತ್ತು. ಎಷ್ಟು ಹೊತ್ತು ಅಗೆದೆನೋ— ಒಂದು ತಾಸು ಎನ್ನುತ್ತದೆ ನೆನಪು. ವಾಸನೆ ಇರಲಿಲ್ಲ ಎಂದೂ ಹೇಳುತ್ತದೆ, ಇದ್ದಿರಲೇಬೇಕು. ಮಾಳಪ್ಪನ ಪಟಕದ ಚಿಂದಿ ಎಲುಬಿಗೆ ಅಂಟಿತ್ತು. ಬಿಡಿಸಿ ಮತ್ತೆ ಗುಂಡಿಗೆ ಹಾಕಿದೆ. ದವಡೆ ಎರಡು ಹೋಳಾಗಿ ಕೈಗೆ ಬಂತು. ಮನುಷ್ಯನ ಗದ್ದ ಹುಟ್ಟಿದ ಒಂದು ವರ್ಷದೊಳಗೆ ಬೆಸೆದು ಒಂದೇ ಎಲುಬಾಗುತ್ತದೆ. ಎತ್ತಿನದು ಹಾಗಲ್ಲ, ಸಾಯುವವರೆಗೂ ಎರಡು ಹೋಳು, ಕೂಡಿ ಬದುಕುತ್ತವೆ ಅಷ್ಟೇ.

ತಲೆ ಎತ್ತಿದಾಗ ಬದುವಿನ ಮೇಲೆ ದೂರದಲ್ಲಿ ಮಾಳಪ್ಪ ನಿಂತಿದ್ದ. ಕೈ ಎತ್ತಿ, "ಉಂಡೇನ್ ಯವ್ವಾ?" ಎಂದು ಕೂಗಿದ. ಹೂಂ ಎಂದೆ. ಅವನು ಹೊರಟುಹೋದ.

ಮಣ್ಣು ಮುಚ್ಚಿ ಬಂದಿದ್ದೆ. ಆದರೆ ಆ ಸಂಜೆ ಮಳೆ ಬಿದ್ದು ಹೊಸ ಮಣ್ಣು ಒಂದು ಬದಿಗೆ ಕುಸಿಯಿತು. ಬೆಳಿಗ್ಗೆ ಹೊಲಕ್ಕೆ ಹೋದ ಮಾಮ ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತ. ಕಾಲಿಗೆ ಮೊಣಕಾಲವರೆಗೂ ಕೆಸರು. ಹೀರ್ಯಾನ ಗದ್ದ ಇಲ್ಲ, ಯಾರೋ ಒಯ್ದಿದ್ದಾರೆ ಎಂದ. ನಾಯಿ ಎಳೆದಿರಬೇಕು ಎಂದು ಯಾರೋ ಅಂದರು— ನಾನೇ ಅಂದೆನೇ? ನಾಯಿ ಅಷ್ಟು ನೀಟಾಗಿ ಮಣ್ಣು ಮುಚ್ಚಿ ಹೋಗುತ್ತದೇನು ಎಂದು ಮಾಮ ಕೇಳಿದ. ಹೂತ ಎತ್ತಿನ ಎಲುಬು ಒಯ್ದು ಮಾಟ ಮಾಡಿಸಿದರೆ ಆ ಮನೆಯಲ್ಲಿ ಮತ್ತೆ ನೊಗ ಏಳುವುದಿಲ್ಲ ಎಂಬ ಮಾತು ನಮ್ಮ ಕಡೆ ಇದೆ. ಮಾಮ ಅದನ್ನು ನಂಬುತ್ತಿದ್ದನೆಂದು ನನಗೆ ಗೊತ್ತಿತ್ತು. ಅವನು ನನ್ನ ಕಡೆ ತಿರುಗಿದ.

"ನೀ ನಿನ್ನಿ ಹೊಲದ ಕಡೆ ಹೋಗಿದ್ದೆಲ್ಲ ಬೇ. ಯಾರನ್ನರ ನೋಡಿದೇನು?"

ದವಡೆ ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಚೀಲದಲ್ಲಿತ್ತು. ಚೀಲ ನನ್ನ ತೊಡೆಯ ಮೇಲಿತ್ತು.

"ಮಾಳಪ್ಪ ಮಾಮಾ ಬದುವಿನ ಮ್ಯಾಲ ನಿಂತಿದ್ದ" ಎಂದೆ.

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಎಷ್ಟೋ ವರ್ಷ ಅದನ್ನೇ ಹೇಳಿಕೊಂಡು ಬದುಕಿದೆ— ನಾನು ಸುಳ್ಳು ಹೇಳಲಿಲ್ಲ, ಅವನು ನಿಂತಿದ್ದ, ಕಂಡದ್ದನ್ನು ಹೇಳಿದೆ.

ಬದುವನ್ನು ನೆಟ್ಟಗೆ ಮಾಡೋಣವೆಂದು ಮಾಳಪ್ಪ ಆ ಬೇಸಿಗೆಯಲ್ಲಿ ಎರಡು ಸಲ ಕೇಳಿದ್ದ. ಅದು ಜಗಳವೂ ಆಗಿರಲಿಲ್ಲ. ಆದರೆ ಈಗ ಮಾಮನಿಗೆ ಅದೂ ನೆನಪಾಯಿತು, ಬಾಯೊಳಗೆ ಬೆಲ್ಲ ಇಟ್ಟದ್ದು ತನ್ನನ್ನೂ ನನ್ನನ್ನೂ ಬಿಟ್ಟರೆ ಮಾಳಪ್ಪನಿಗೆ ಮಾತ್ರ ಗೊತ್ತು ಎಂಬುದೂ ನೆನಪಾಯಿತು. ಮಾಳಪ್ಪ ಸುದ್ದಿ ಕೇಳಿ ತಾನಾಗಿ ಓಡಿ ಬಂದ. ಮಾಮ ಎದ್ದು ನಿಂತು, "ನನ್ನ ಮನಿ ಮುಂದ ನಿಂದರಬ್ಯಾಡ" ಎಂದ. ಮಾಳಪ್ಪ, "ನಾ ಅಲ್ಲೋ ತಮ್ಮಾ" ಎಂದ. ಒಂದೇ ಸಲ. ಆಮೇಲೆ ನನ್ನ ಕಡೆ ನೋಡಿದ.

ನೋಡಿದನೇ? ಇಲ್ಲಿಯೇ ನನ್ನ ನೆನಪಿನ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಸಂಶಯ. ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ ನನ್ನನ್ನು ಅವನು ಕಂಡಿದ್ದ. ನಿನ್ನ ಅಕ್ಕನ ಮಗಳೇ ಅಲ್ಲಿದ್ದಳು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ನನ್ನನ್ನು ಉಳಿಸಿದನೋ. ಹನ್ನೊಂದು ಗಂಟೆಯ ಬಸ್ಸಿಗೆ ನಾನು ಹೊರಟುಬಿಟ್ಟೆ.

ಹೀರ್ಯಾ ಸತ್ತ ವರ್ಷ ಬಾಡಿಗೆ ಎತ್ತು ತಂದು ಕೆಂದನ ಜೋಡಿ ಹೂಡಿದ್ದರು, ಈಗ ಅದೂ ನಿಂತಿತು. ಒಂದೇ ಎತ್ತಿನಿಂದ ಹೊಲ ಹೂಡಲಾಗುವುದಿಲ್ಲ. ಮಾಳಪ್ಪ ಕೆಂದನನ್ನು ಮಾರಿದ. ಇಬ್ಬರ ಹೊಲಕ್ಕೂ ಬೇರೆ ಬೇರೆ ದಿನ ಬೇರೆ ಬೇರೆ ಟ್ರಾಕ್ಟರು ಬರತೊಡಗಿತು. ಮಾಮ ಮತ್ತೆ ಎತ್ತು ಕಟ್ಟಲಿಲ್ಲ. ಹನ್ನೆರಡು ವರ್ಷ ಇಬ್ಬರೂ ಬದುವಿನ ಈಚೆ ಆಚೆ ಕಳೆ ತೆಗೆದರು, ಬುತ್ತಿ ಉಂಡರು, ಮಾತಿಲ್ಲದೆ. ಆಮೇಲೆ ಮಾಳಪ್ಪ ಎದೆನೋವಿನಿಂದ ತೀರಿಕೊಂಡ. ಅವನ ಮಣ್ಣಿಗೆ ನಾನು ಹೋಗಿದ್ದೆ. ಅವನನ್ನು ಅವನ ಹೊಲದಲ್ಲೇ ಇಟ್ಟರು. ಮಾಮ ಬರಲಿಲ್ಲ. ಬದುವಿನ ಈಚೆ ತನ್ನ ಹೊಲದಲ್ಲಿ, ನಮಗೆ ಬೆನ್ನು ಮಾಡಿ ನಿಂತಿದ್ದ. ಹಿಡಿ ಮಣ್ಣು ಹಾಕಿ ತಿರುಗಿದಾಗಲೂ ಹಾಗೆಯೇ ನಿಂತಿದ್ದ. ಆಗ ಹತ್ತಿರ ಹೋಗಿ ಹೇಳಬಹುದಿತ್ತು. ಬದು ದಾಟಿದರೆ ಆಗುತ್ತಿತ್ತು. ದಾಟಲಿಲ್ಲ.

ನಾನು ಓದಿದ ಕಾಲೇಜಿನಲ್ಲೇ ಈಗ ಪಾಠ ಮಾಡುತ್ತೇನೆ. ಹೀರ್ಯಾನ ದವಡೆ ಗಾಜಿನ ಕಪಾಟಿನಲ್ಲಿದೆ, ಕೆಳಗೆ ನನ್ನದೇ ಅಕ್ಷರ: "ಎತ್ತು. ವಯಸ್ಸು ಹದಿನಾರು, ಖಚಿತ." ಪ್ರತಿ ವರ್ಷ ಅದರ ಪಕ್ಕದಲ್ಲಿ ನಿಂತು, ನಮ್ಮ ಕಿವಿಯೊಳಗಿನ ಮೂರು ಸಣ್ಣ ಎಲುಬುಗಳಲ್ಲಿ ಎರಡು ಬಹಳ ಹಿಂದಿನ ಪೂರ್ವಜರಲ್ಲಿ ದವಡೆಯ ಕೀಲಾಗಿದ್ದವು, ಕಚ್ಚುತ್ತಿದ್ದದ್ದೇ ಇಂದು ಕೇಳುತ್ತದೆ ಎಂದು ಹೇಳುತ್ತೇನೆ. ಮಕ್ಕಳಿಗೆ ಆಶ್ಚರ್ಯವಾಗುತ್ತದೆ. ನಾನು ಕಪಾಟಿನ ಕಡೆ ನೋಡುವುದಿಲ್ಲ.

ಮಾಮನಿಗೆ ಮೊದಲಿನಿಂದಲೂ ತಂಬಾಕು ಸುಣ್ಣ ತಿಕ್ಕಿ ಎಡಗಲ್ಲದ ಸಂದಿಯಲ್ಲಿಟ್ಟುಕೊಳ್ಳುವ ಚಟ. ಮಾತು ನಿಂತ ಮೇಲೆ ಅದು ಹೆಚ್ಚಾಯಿತು. ಬಾಯಿಗೆ ಬೇರೆ ಕೆಲಸ ಇರಲಿಲ್ಲ. ಎರಡು ವರ್ಷದ ಹಿಂದೆ ಟಿಕೋಟಾದ ಮದುವೆಯೊಂದರಲ್ಲಿ ಅವನು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಬಾಯಿ ಪೂರ್ತಿ ತೆರೆಯಲಾಗದೆ ಒಳಗೆ ತಳ್ಳಿಕೊಳ್ಳುವುದನ್ನು ಕಂಡೆ. ಅದು ಏನಿರಬಹುದೆಂದು ಆ ಪಂಕ್ತಿಯಲ್ಲಿ ಯಾರಿಗಾದರೂ ಹೊಳೆಯಬೇಕಿದ್ದರೆ ನನಗೆ ಹೊಳೆಯಬೇಕಿತ್ತು. ಹೊಳೆಯಿತು. ಆದರೆ ಆಸ್ಪತ್ರೆಗೆ ಕರೆದೊಯ್ದರೆ ಅವನೊಂದಿಗೆ ಒಬ್ಬಳೇ ಕೂರಬೇಕಿತ್ತು. ಅಷ್ಟೂ ವರ್ಷ ನಾನು ತಪ್ಪಿಸಿಕೊಂಡು ಬಂದದ್ದು ಅದನ್ನೇ. ಹುಣ್ಣು ಹೊರಗೆ ಒಡೆದ ಮೇಲೆಯೇ ಅವನು ವಿಜಯಪುರಕ್ಕೆ ಬಂದ. ಡಾಕ್ಟರು ಕೆಳದವಡೆಯ ಎಡ ಅರ್ಧವನ್ನು ತೆಗೆದರು. ಮೊದಲೇ ಬಂದಿದ್ದರೆ— ಎಂದು ಅವರು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಈಗ ಅವನು ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ನನ್ನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾನೆ. ಮಾತು ಇನ್ನೂ ತಿಳಿಯುವಂತೆ ಬರುವುದಿಲ್ಲ. ಒಂದು ಪಾಟಿ, ಬಳಪ ತಂದುಕೊಟ್ಟಿದ್ದೇನೆ. ನಾಲ್ಕನೇ ಇಯತ್ತೆವರೆಗೆ ಸಾಲಿ ಕಲಿತವನ ಅಕ್ಷರ, ದುಂಡಗೆ. ಚಹಾ ಆರಲಿ, ಫ್ಯಾನು ಬಂದ್ ಮಾಡು— ಇಂಥವೇ ಬರೆಯುತ್ತಿದ್ದ. ಹನ್ನೊಂದು ದಿನದ ಹಿಂದೆ, ಮಧ್ಯಾಹ್ನ, ಬೇರೊಂದು ಬರೆದ.

"ತಗದ ಎಲುಬ ಎಲ್ಲಿ ಒಯ್ದರು?"

ಪರೀಕ್ಷೆಗೆ ಲ್ಯಾಬಿಗೆ ಕಳಿಸುತ್ತಾರೆ, ಔಷಧದ ನೀರಿನಲ್ಲಿ ಇಡುತ್ತಾರೆ ಎಂದೆ. ಅವನು ಅದರ ಕೆಳಗೆ ಬರೆದ: "ಉಪ್ಪ ಹಾಕ್ತಾರೇನು?"

ಆಗ ಹೇಳಿದೆ. ಕುರಪಿ, ಕೋಡಿನ ತುದಿ, ಪಟಕದ ಚಿಂದಿ, ಚೀಲ, ಕಪಾಟು— ಎಲ್ಲ. "ಮಾಳಪ್ಪ ಮಾಮಾ ನಿಂತಿದ್ದ" ಎಂಬ ಮಾತನ್ನು, ಅದು ನಿಜವಾಗಿತ್ತು ಎಂಬುದನ್ನು, ನಿಜವಾಗಿದ್ದರಿಂದಲೇ ಅದನ್ನು ಆರಿಸಿದೆ ಎಂಬುದನ್ನು. ಮದುವೆಯ ಪಂಕ್ತಿಯನ್ನೂ ಬಿಡಲಿಲ್ಲ. ಗುಡಿಯ ಗಂಟೆ ನಡುವೆ ಒಂದೆರಡು ಸಲ ಮೊಳಗಿತು. ಮಾಮನ ಉಳಿದ ಅರ್ಧ ದವಡೆ ಸಣ್ಣಗೆ ಅಲುಗುತ್ತಿತ್ತು, ಏನನ್ನೋ ಅಗಿಯುವ ಹಾಗೆ.

ಮರುದಿನ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರಿಗೆ, ಆ ದವಡೆ ನನ್ನ ಕೈಗೆ ಹೇಗೆ ಬಂತೆಂದು ಬರೆದುಕೊಟ್ಟು, ಅದನ್ನು ಹಿಂದಿರುಗಿಸಬೇಕೆಂದು ಕೇಳಿದ್ದೇನೆ. ಎರಡೂ ಹೋಳುಗಳನ್ನು ಬದುವಿನ ಮೂಲೆಯಲ್ಲಿ, ಉಪ್ಪು ಹಾಕಿ, ಇದ್ದಲ್ಲೇ ಇಡುತ್ತೇನೆ. ಅದು ಸುಲಭದ ಭಾಗ. ಮಾಳಪ್ಪನ ಹೆಂಡತಿ ಗಂಗವ್ವ ಇನ್ನೂ ಮಮದಾಪುರದಲ್ಲೇ, ಅದೇ ಮನೆಯಲ್ಲಿದ್ದಾಳೆ. ತನ್ನ ಗಂಡ ಎಲುಬು ಕದ್ದವನೆಂಬ ಮಾತನ್ನು ಹೊತ್ತುಕೊಂಡೇ ಇದ್ದಾಳೆ.

ಮಾಮ ನಾನು ಕೊಟ್ಟ ಗಂಜಿ ಕುಡಿಯುತ್ತಾನೆ, ಗುಳಿಗೆ ನುಂಗುತ್ತಾನೆ. ಅದನ್ನು ಕ್ಷಮೆ ಎಂದುಕೊಳ್ಳುವ ಹಕ್ಕು ನನಗಿಲ್ಲ. ಅಂದು ಎಲ್ಲ ಹೇಳಿ ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ಅವನು ಪಾಟಿಯನ್ನು ಅಂಗಿಯ ತೋಳಿನಿಂದ ಒರೆಸಿದ, ಬಳಪ ಹಿಡಿದ, ಮತ್ತೆ ಕೆಳಗಿಟ್ಟ. ಅಂದಿನಿಂದ ಪಾಟಿ ಖಾಲಿ ಇದೆ. ಪ್ರತಿದಿನ ಕಾಲೇಜಿನಿಂದ ಬಂದು ಮೊದಲು ನೋಡುವುದು ಅದನ್ನೇ.

ನಾನು ಕೇಳಿದ್ದು ಇಷ್ಟು:

"ಗಂಗವ್ವತ್ತಿಗಿ ಹೇಳಾಕ ನಾ ಒಬ್ಬಾಕೀನ ಹೋಗ್ಲೇನು ಮಾಮಾ, ಇಲ್ಲಾ ನೀನೂ ನನ್ನ ಜೋಡಿ ಬರ್ತೀಯೇನು?"